ಮಂಗಳವಾರದ ಸ್ಟೂಲು

ಅರವತ್ತೊಂದು ವರ್ಷದ ಗಂಡಸು ತನ್ನ ಹೆತ್ತ ತಾಯಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಪಡಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ. ಹಾಗಾಗಿ ಒಪ್ಪಿಕೊಂಡುಬಿಡುತ್ತೇನೆ: ಸುಜಾತಾ ಎಂಬ ಹೆಂಗಸನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮಂಗಳವಾರ ಹತ್ತು ಗಂಟೆಗೆ ಆಲೂರಿನ ಬಸ್ಸು ನಮ್ಮ ಪಾಳ್ಯದಲ್ಲಿ ನಿಂತ ಸದ್ದು ಕೇಳಿದರೆ ಸಾಕು, ಉರಿ ಶುರು.

ಆಕೆ ಕೇರ್ ಮ್ಯಾನೇಜರ್. ನನ್ನಾಕೆ ತೀರಿಕೊಂಡ ಮೇಲೆ ಮನೆಯಲ್ಲಿ ಎಂಬತ್ನಾಲ್ಕರ ಅವ್ವ ಮತ್ತು ನಾನು ಇಬ್ಬರೇ. "ನೀನೊಬ್ನೇ ಎಷ್ಟು ಅಂತ ನೋಡ್ಕೊಳ್ತೀಯಣ್ಣ" ಎಂದು ಹಾಸನದ ತಂಗಿ ಜಯ ಈಕೆಯನ್ನು ಗೊತ್ತುಮಾಡಿದಳು. ನರ್ಸೇ ಎಂದೆ, ಅಲ್ಲವಂತೆ. ಅಡುಗೆಯವಳೇ ಎಂದೆ, ಅದೂ ಅಲ್ಲ. ಡಾಕ್ಟರ ಹತ್ತಿರ ಮಾತಾಡುವುದು, ಮಾತ್ರೆ ಸರಿಯಾಗಿ ಹೋಗುತ್ತಿದೆಯೇ, ಬಚ್ಚಲು ಜಾರುತ್ತಿದೆಯೇ ಎಂದು ನೋಡುವುದು, ಯಾವ ಕೆಲಸಕ್ಕೆ ಯಾರು ಬೇಕೋ ಅವರನ್ನು ಹುಡುಕುವುದು, ಮನೆಯವರಿಗೆ ವಿಷಯ ಮುಟ್ಟಿಸುವುದು. ಅಂದರೆ ರೈಟರ್ ಕೆಲಸ! ಮೂವತ್ತು ವರ್ಷ ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆದವನ ಮನೆಗೆ ಇನ್ನೊಬ್ಬ ರೈಟರೇ?

ಮೊದಲ ದಿನವೇ ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತಳು. "ಹೆಂಗಿದೀರಾ ಅಜ್ಜಿ?" ಎಂದು ಕೇಳಿ ಸುಮ್ಮನಾದಳು. ನನಗೆ ಹೂಂ, ಊಹೂಂ ಬಿಟ್ಟರೆ ಮೂರನೆಯ ಉತ್ತರ ಕೊಡದ ಅವ್ವ, ಆಕೆಯ ಮುಂದೆ ಒಂದು ಗಂಟೆ ಮಾತಾಡಿದಳು. ನಕ್ಕಳು ಕೂಡ. ಕಾಫಿ ಬೇಕೇ ಎಂದು ಕೇಳುವ ನೆಪದಲ್ಲಿ ನಾನು ಮೂರನೇ ಸಲ ಇಣುಕಿದಾಗ, "ಒಳಗೆ ಹೊರಗೆ ಏನ್ಲಾ ತಿರುಗ್ತೀಯ, ನಾವು ಮಾತಾಡ್ತಿಲ್ವಾ?" ಎಂದಳು. ಈಗಂತೂ ಸೋಮವಾರ ಸಂಜೆಯೇ ಮರುದಿನದ ಸೀರೆ ತೆಗೆದಿಡುತ್ತಾಳೆ. ನನ್ನ ಮದುವೆಗೂ ಇಷ್ಟು ಯೋಚಿಸಿ ಸೀರೆ ಉಟ್ಟವಳಲ್ಲ.

ನಮ್ಮ ಹಿರಿಯರು ಸವತಿ ಮತ್ಸರಕ್ಕೆ ಹೆಸರಿಟ್ಟರು, ದಾಯಾದಿ ಮತ್ಸರಕ್ಕೂ ಇಟ್ಟರು. ನನ್ನ ಈ ಮತ್ಸರಕ್ಕೆ ಮಾತ್ರ ಹೆಸರಿಲ್ಲ. ಪಾಪ, ಅವರ ಕಾಲದಲ್ಲಿ ಕೇರ್ ಮ್ಯಾನೇಜರ್ ಇರಲಿಲ್ಲ.

ನನ್ನ ಹತ್ತಿರವೂ ಒಂದು ಅಸ್ತ್ರವಿತ್ತು. ಅವ್ವನ ಮಾತ್ರೆಗೆಂದು ನಾನೇ ಗೆರೆ ಎಳೆದು ಮಾಡಿದ ಪುಸ್ತಕ. ಮೂರು ತಿಂಗಳಲ್ಲಿ ಒಂದು ದಿನವೂ ಗುರುತು ತಪ್ಪಿಲ್ಲ. ಜಂಬದಿಂದ ಆಕೆಯ ಮುಂದೆ ಹಿಡಿದೆ. ಪುಟ ತಿರುವಿ, ಚೆನ್ನಾಗಿದೆ ಎಂದು ಹೊಗಳಿ, "ಸರ್, ಈ ಗುರುತು ಯಾವಾಗ ಹಾಕ್ತೀರಾ? ಮಾತ್ರೆ ಕೊಟ್ಟಾಗಲೋ, ಅಜ್ಜಿ ನುಂಗಿದ ಮೇಲೋ?" ಎಂದಳು.

ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳು ಸ್ಟೋರಿನ ಮುಂದೆ ಬಂದು ನಿಂತಾಗಲೇ ಹಾಜರಿ ಹಾಕುವುದು. ಆಮೇಲೆ ತೋಟದಲ್ಲಿ ಏನು ಮಾಡಿದರೆಂದು ನೋಡುವುದು ರೈಟರ ಕೆಲಸವಲ್ಲ. ನಾನು, "ಕೊಟ್ಟಾಗ" ಎಂದೆ. ಸುಜಾತಾ ಅವ್ವನ ಮುಖ ನೋಡಿದಳು. ಅವ್ವ ಗೋಡೆ ನೋಡಿದಳು. ಆಮೇಲೆ ತಾನಾಗಿಯೇ ಎಲೆಅಡಿಕೆ ಚೀಲ ಬಿಚ್ಚಿದಳು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಹಿಡಿ ಬಿಳಿ ಮಾತ್ರೆ, ಮೈಯಲ್ಲಿ ನಿಂತ ನೀರು ಇಳಿಸಲು ಡಾಕ್ಟರು ಬರೆದದ್ದು. ಅವಳ ಕಾಲು ಊದಿದ್ದು ನನಗೆ ಕಂಡಿತ್ತು, ಕಾರಣ ಕಂಡಿರಲಿಲ್ಲ.

"ಅದನ್ನ ನುಂಗಿದ್ರೆ ಗಳಿಗೆಗೊಂದ್ಸಲ ಬಚ್ಚಲಿಗೆ ಹೋಗ್ಬೇಕು ಕಣವ್ವ. ಕೈ ಹಿಡ್ಕೊಳ್ಳಕ್ಕೆ ಇವ್ನೇ ಬರ್ಬೇಕು. ಗಂಡು ಮಗನ್ನ ಎಷ್ಟು ಸಲ ಅಂತ ಕರೆಯೋದು? ನಾಚ್ಕೆ ಆಯ್ತದೆ."

ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡದೆ, ಆಕೆಗೆ ಹೇಳಿದಳು. ಹುಟ್ಟಿದಾಗಿನಿಂದ ಜೊತೆಗಿರುವ ನನಗೆ ಹೇಳದ್ದನ್ನು ಮೂರು ವಾರದ ಪರಿಚಯದವಳಿಗೆ! ಅಳು ಬಂತು, ನಿಜ ಹೇಳುತ್ತೇನೆ.

ಸುಜಾತಾ ಯಾರನ್ನೂ ಬೈಯಲಿಲ್ಲ. ಅಂಗಳಕ್ಕೆ ಹೋಗಿ ಡಾಕ್ಟರಿಗೆ ಫೋನು ಮಾಡಿದಳು. ಮಾತ್ರೆಯ ಹೊತ್ತು ಬದಲಾಯಿತು. ಆ ಹೊತ್ತಿಗೆ ಪಕ್ಕದ ಮನೆಯ ಗಂಗಮ್ಮ ಬಂದು ಕೂರುವಂತಾಯಿತು. ಮಂಚದಿಂದ ಬಚ್ಚಲಿನವರೆಗೆ ಗೋಡೆಗೆ ಹಿಡಿದು ನಡೆಯುವ ಕಂಬಿ ಬಂತು. ಕೆಲವೇ ದಿನಗಳಲ್ಲಿ ಕಾಲಿನ ಊತ ಇಳಿಯಿತು. ನನಗೆ ಕೃತಜ್ಞತೆ ಹುಟ್ಟಲಿಲ್ಲವೆಂದಲ್ಲ. ನಾಲ್ಕಾಣೆ ಕೃತಜ್ಞತೆ, ಹನ್ನೆರಡಾಣೆ ಉರಿ.

ಕಳೆದ ಮಂಗಳವಾರ ಸುಜಾತಾ ಬರಲಿಲ್ಲ. ಅವಳ ಅತ್ತೆಗೇ ಜ್ವರವಂತೆ. ಒಳಗೊಳಗೇ ಕುಣಿಯುತ್ತಾ ಅವ್ವನಿಗೆ ಸುದ್ದಿ ಹೇಳಿದೆ. ಹಸಿರು ರೇಷ್ಮೆ ಸೀರೆ ಉಟ್ಟು ಕೂತಿದ್ದವಳು, "ಹಂಗಾದ್ರೆ ಇವತ್ತು ನೀನೇ ಕೇಳು" ಎಂದಳು.

"ಹೆಂಗಿದೀಯವ್ವ?"

"ಹೂಂ."

ರೇಗಿಹೋಯಿತು. "ಅವಳಿಗಾದ್ರೆ ಗಂಟೆಗಟ್ಲೆ ಹೇಳ್ತೀಯ, ನನಗೆ ಬರೀ ಹೂಂನಾ?"

"ಅವ್ಳು ಕೂತ್ಕೊಂಡು ಕೇಳ್ತಾಳೆ ಕಣೋ. ನೀನು ಬಾಗ್ಲಲ್ಲಿ ನಿಂತ್ಕಂಡು ಹಾಜರಿ ಕೂಗ್ತೀಯ."

ಹೌದಲ್ಲ! ರೈಟರಾದವನು ಆಳುಗಳ ಮುಂದೆ ಕೂರುವಂತಿಲ್ಲ. ಆ ಅಭ್ಯಾಸ ಮನೆಗೂ ಬಂದಿತ್ತು. ಹೋಗಿ ಸ್ಟೂಲಿನ ಮೇಲೆ ಕೂತೆ. ಗಿಡ್ಡ ಸ್ಟೂಲು, ಎರಡೂ ಮಂಡಿ ಲಟಕ್ಕೆಂದವು. ಅವ್ವ ನನ್ನ ಮಂಡಿಯ ಮೇಲೆ ಕೈಯಿಟ್ಟು, "ನಂದಿರ್ಲಿ. ಇದು ಯಾವಾಗಿಂದ ನೋಯ್ತಾ ಐತೆ?" ಎಂದಳು.

ನನ್ನಾಕೆ ಹೋದ ಮೇಲೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹೇಳಲು ಶುರುಮಾಡಿದವನು ಒಂದು ಗಂಟೆ ನಿಲ್ಲಿಸಲಿಲ್ಲ.

ನಾಳೆ ಮಂಗಳವಾರ. ಸುಜಾತಾ ಬರುತ್ತಾಳೆ, ಬರಲಿ. ಮಂಚದ ಹತ್ತಿರ ಇನ್ನೊಂದು ಸ್ಟೂಲು ತಂದು ಹಾಕಿದ್ದೇನೆ. ಅವ್ವನ ಕಡೆಗೆ ಒಂದು ಗೇಣು ಹತ್ತಿರವಿರುವುದು ನನ್ನದು.