ಚಿಲಕ ಹಾಕಿದ ಮನೆಯೊಳಗಿನ ದನಿ

ತಾಯಲೂರಿನ ಹತ್ತಿರ ಮಕ್ಕಳ ಮಾತಿನ ತೊಂದರೆಗಳ ಮನೆ ಮನೆ ಸಮೀಕ್ಷೆಗೆ ಹೋಗಿದ್ದೆ. ಹೊರಗಿನಿಂದ ಚಿಲಕ ಹಾಕಿದ್ದ ಒಂದು ಮನೆಯೊಳಗಿಂದ, "ಅಮ್ಮಾ, ಬಾದಿಲು ತೆದಿ" ಎಂದು ಮಗುವಿನ ದನಿ ಬಂತು. ಹೋದ ವರ್ಷ ತೀರಿಕೊಂಡ ನನ್ನ ಮಗಳಿಗೂ 'ಗ' ಬರುತ್ತಿರಲಿಲ್ಲ, ಬಾಗಿಲು ಬಾದಿಲಾಗುತ್ತಿತ್ತು. ಅದೇ ಮಾತು, ಅದೇ ರಾಗ. ಬಾಗಿಲು ತೆಗೆಯುವವರೆಗೆ ಒಳಗಿರುವುದು ಅವಳೇ ಅನ್ನಿಸಿ, ಚಿಲಕದ ಮೇಲಿಟ್ಟ ಕೈ ಹಾಗೇ ನಿಂತಿತು.

ನೀರು ಹೊತ್ತು ಬಂದ ಅಜ್ಜಿ ಬಾಗಿಲು ತೆರೆದರು. ಹುಡುಗಿ ಯಾರೋ ಬೇರೆ.

"ಮೂರು ತುಂಬಿದ್ರೂ ನಾಲಿಗೆ ತಿರುಗ್ತಿಲ್ಲ ಮೇಡಂ. ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ತೀನಿ. ಸರಿಹೋಗ್ತಾಳಾ?"

"ಈ ವಯಸ್ಸಲ್ಲಿ ಎಷ್ಟೋ ಮಕ್ಕಳು ಹೀಗೇ ಅಜ್ಜಿ. ಬಜೆ ಬೇಡ, ತಾನಾಗಿ ಬರುತ್ತೆ."

ಹೇಳಿದ್ದು ನಿಜವೇ. ಆದರೆ ಇಪ್ಪತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದವಳು, ಆ 'ಗ' ಬರುವುದು ಸ್ವಲ್ಪ ತಡವಾಗಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.