ಅಜ್ಜಿ ಹೇಳದೆ ಉಳಿದ ದಾರಿ

ಮೊನ್ನೆ ಸ್ನಾನಕ್ಕೆ ನೀರು ಕಾಯಿಸಲು ಹಂಡೆ ಒಲೆಗೆ ಒಂದು ರಟ್ಟಿನ ಡಬ್ಬ ಮುರಿದು ಹಾಕಿದೆ. ರಟ್ಟು ಸುಡುವ ವಾಸನೆ ಮೂಗಿಗೆ ಬಂದದ್ದೇ ತಡ, ಅಲ್ಲಿ ಕೂರಲಾಗಲಿಲ್ಲ. ನನ್ನ ತಮ್ಮ ಹೋಗಿ ನಾಲ್ಕು ವರ್ಷವಾಯಿತು. ಆ ವಾಸನೆ ಮಾತ್ರ...

ನಮ್ಮದು ದೊಡ್ಡಬಳ್ಳಾಪುರದಲ್ಲಿ ಎರಡು ಪವರ್‌ಲೂಮ್ ಇರುವ ಮನೆ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಬಂದವಳು. ತಮ್ಮ ಪಿಯುಸಿವರೆಗೆ ಓದಿದ. ಮಗ್ಗದ ಪಕ್ಕದಲ್ಲೇ ಹಳೆಯ ಕಂಪ್ಯೂಟರ್ ಇಟ್ಟುಕೊಂಡು, ಜಪಾನಿನ ಹಳೇ ವಿಡಿಯೋ ಗೇಮೊಂದನ್ನು ಕನ್ನಡಕ್ಕೆ ತರುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ. ಬೇರೆ ದೇಶದಲ್ಲಿ ಅವನಂಥವರೇ ಯಾರೋ ಆ ಗೇಮಿನ ಮೇಲಿನ ಪ್ರೀತಿಗೆ ಅದನ್ನು ಇಂಗ್ಲಿಷಿಗೆ ತಂದಿದ್ದರಂತೆ. ಅದನ್ನು ಓದಿಕೊಂಡು ಇವನು ಜಪಾನಿ ಅಕ್ಷರ ತೆಗೆದು ಕನ್ನಡ ಕೂರಿಸುತ್ತಿದ್ದ.

ಗೇಮಿನೊಳಗೆ ಕನ್ನಡದ ಅಕ್ಷರಗಳೇ ಇರಲಿಲ್ಲ. ಸೀರೆ ಅಂಚಿನ ಡಿಸೈನ್ ಬರೆಯುವ ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿಸಿ ಅವನೇ ಮಾಡಿದ. ನವಿಲು, ಮಾವಿನಕಾಯಿ ಬರೆಯುವ ಹಾಳೆಯಲ್ಲಿ ಅ, ಆ... ಒತ್ತಕ್ಷರಕ್ಕೆ ಕೆಳಗೆ ಜಾಗ ಸಾಲದೆ ವಾರಗಟ್ಟಲೆ ಒದ್ದಾಡಿದ. ಮಾತುಗಳನ್ನು ಬರೆದದ್ದು ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಯಂತ್ರದ ಹಳೆಯ ಕಾರ್ಡುಗಳ ಹಿಂಬದಿಗೆ. ಡಿಸೈನಿಗಾಗಿ ತೂತು ಹೊಡೆದು, ದಾರದಲ್ಲಿ ಸಾಲಾಗಿ ಹೊಲಿದ ರಟ್ಟಿನ ಪಟ್ಟಿಗಳವು. ಒಂದು ಕಾರ್ಡು ಹಿಂದುಮುಂದಾದರೂ ಅಂಚು ಕೆಡುತ್ತದೆ, ಗೇಮಿನ ಮಾತೂ ಹಾಗೆಯೇ ಎನ್ನುತ್ತಿದ್ದ. ಮೊದಲಿನ ಕೆಲವು ಸಾಲುಗಳನ್ನು ಮಾತ್ರ ಕಂಪ್ಯೂಟರಿಗೆ ಹಾಕಿ ನೋಡಿದ್ದ. ಉಳಿದದ್ದೆಲ್ಲ ಕಾರ್ಡಿನಲ್ಲೇ ಇತ್ತು.

ಆ ಗೇಮಿನಲ್ಲಿ ಒಬ್ಬ ಹುಡುಗಿ ಮನೆ ದಾರಿ ತಪ್ಪಿ ಯಾವುದೋ ಊರಿಗೆ ಬರುತ್ತಾಳೆ. ಊರಬಾಗಿಲಲ್ಲಿ ಕೂತ ಅಜ್ಜಿ ದಾರಿ ಹೇಳಬೇಕು. ಅಜ್ಜಿಯ ಮಾತು ಪುಸ್ತಕದ ಮಾತಾಗಬಾರದೆಂದು ತಮ್ಮ ನನ್ನನ್ನು ಕೇಳುತ್ತಿದ್ದ.

"ಅಕ್ಕ, ಬಿಸ್ಲಲ್ಲಿ ಯಾರಾದ್ರೂ ಬಂದ್ರೆ ಏನಂತೀಯ?"

"ನನ್ನ ಯಾಕೋ ಕೇಳ್ತೀಯ, ನಾನೇನು ಓದಿದೋಳಾ?"

"ಅದಕ್ಕೇ ಕೇಳ್ತಿರೋದು ಕಣಕ್ಕ. ಆ ಅಜ್ಜಿನೂ ಓದಿಲ್ಲ."

ನನಗೆ ನಗು ಬಂತು. ಹೇಳಿದೆ, ಬರೆದುಕೊಂಡ. ಆಮೇಲೆ ಎಷ್ಟೋ ದಿನ ಅಜ್ಜಿಯ ಮಾತೆಲ್ಲ ನನ್ನ ಬಾಯಿಂದಲೇ ಹೋಯಿತು.

ಅವನು ತೀರಿಕೊಂಡ ವರ್ಷದ ಆಯುಧಪೂಜೆಯ ಹಿಂದಿನ ದಿನ ಅವನು ನೋಡಿಕೊಳ್ಳಬೇಕಿದ್ದ ಮಗ್ಗದಲ್ಲಿ ಎಳೆ ತುಂಡಾಗಿ ಮೊಳದುದ್ದ ಸೀರೆ ಕೆಟ್ಟಿತು. ಅವನು ಕಾರ್ಡಿನ ಮೇಲೆ ಬಗ್ಗಿ ಬರೆಯುತ್ತಿದ್ದ. ಬಾಯಿಗೆ ಬಂದ ಹಾಗೆ ಬೈದೆ. ಅವನು ಎದ್ದು ಹೂವು ತರಲು ಪೇಟೆಗೆ ಹೋದ. ಪೂಜೆಗೆ ಮುಂಚೆ ಮಗ್ಗದ ಮನೆ ತೊಳೆದು, ಸವೆದ ಕಾರ್ಡುಗಳನ್ನು ಹಂಡೆ ಒಲೆಗೆ ಹಾಕುವುದು ನಮ್ಮ ಮನೆಯ ರೂಢಿ. ಅವನ ಕಂತೆಯನ್ನೂ ಹಾಕಿದೆ.

ಗೊತ್ತಿಲ್ಲದೆ ಹಾಕಿದೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಅವನ ಕೈಬರಹ ಕಂಡೇ ಹಾಕಿದೆ. ಮೊದಲ ಕಾರ್ಡಿಗೆ ಬೆಂಕಿ ಹತ್ತಿದಾಗ ಉಳಿದದ್ದನ್ನು ಎಳೆದುಕೊಳ್ಳಬಹುದಿತ್ತು. ಹೊಲಿದ ದಾರ ಹಿಡಿದು ಬೆಂಕಿ ಒಂದರಿಂದ ಒಂದಕ್ಕೆ ಸಾಲು ತಪ್ಪದೆ ಹೋಗುತ್ತಿತ್ತು... ನೋಡುತ್ತ ನಿಂತಿದ್ದೆ.

ಅವನು ಬಂದು ಹುಡುಕಿದಾಗ, ಸವೆದವು ಅಂದುಕೊಂಡೆ ಎಂದೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಬೂದಿ ಕೆದಕಿದ.

"ಹೋಗ್ಲಿ ಬಿಡಕ್ಕ, ನಿಂಗೇನ್ ಗೊತ್ತು ಪಾಪ. ಜ್ಞಾಪಕ ಇದೆ, ಮತ್ತೆ ಬರೀತೀನಿ."

ಅವತ್ತು ಬೈದಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ.

ಮತ್ತೆ ಬರೆಯಲು ಶುರು ಮಾಡಿ ಇಪ್ಪತ್ತು ಕಾರ್ಡೂ ಆಗಿರಲಿಲ್ಲ, ಜ್ವರ ಬಂತು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದೆ, ಕಾಲು ಒತ್ತಿದೆ, ಕಾರ್ಡು ಸುಟ್ಟ ನಿಜ ಮಾತ್ರ ಹೇಳಲಿಲ್ಲ. ಒಂಬತ್ತನೇ ದಿನ ಹೋಗಿಬಿಟ್ಟ.

ಮೊನ್ನೆ ಒಲೆಯ ಮುಂದಿನಿಂದ ಎದ್ದು ಬಂದವಳು ಅವನ ಕಂಪ್ಯೂಟರ್ ಆನ್ ಮಾಡಿದೆ. ಗೇಮು ಶುರು ಮಾಡುವುದನ್ನು ಅವನೇ ಕಲಿಸಿದ್ದ. ಹುಡುಗಿ ನಡೆದು ಊರಬಾಗಿಲಿಗೆ ಬಂದಳು. ಅವನು ಚೌಕ ತುಂಬಿಸಿ ಮಾಡಿದ ಅಕ್ಷರದಲ್ಲಿ ಅಜ್ಜಿ ಅಂದಳು: "ಬಾ ತಾಯಿ, ಬಿಸ್ಲಲ್ಲಿ ಬಂದಿದ್ದೀಯ. ಮೊದ್ಲು ನೀರು ಕುಡಿ, ಆಮೇಲೆ ದಾರಿ ಹೇಳ್ತೀನಿ."

ಗುಂಡಿ ಒತ್ತಿದೆ. ಅಲ್ಲಿಂದ ಮುಂದೆ ಎಲ್ಲ ಜಪಾನಿ. ಅಜ್ಜಿ ಹೇಳುತ್ತಲೇ ಇದ್ದಳು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಹುಡುಗಿಯನ್ನು ಯಾವ ಕಡೆ ನಡೆಸಬೇಕೋ ಗೊತ್ತಾಗದೆ ಅಲ್ಲೇ ನಿಲ್ಲಿಸಿಕೊಂಡು ಕೂತಿದ್ದೆ.