ಬಾಟ್ಲಿ ಇಲ್ಲದ ಸ್ಟ್ಯಾಂಡು

ದೋಹಾದ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ನಾನು ಡಾಕ್ಟರು. ದಿನವಿಡೀ ಇಂಗ್ಲಿಷ್, ಹಿಂದಿ, ಮುರುಕು ಅರಬ್ಬಿ. ಕನ್ನಡ ಕೇಳಬೇಕೆಂದರೆ ಅಲ್ ಹಿಲಾಲಿನ ನನ್ನ ಫ್ಲ್ಯಾಟಿಗೆ ಹೋಗಿ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳಬೇಕು. ಹಾಗಾಗಿ, ಸೋಂಕು ರಕ್ತಕ್ಕೇರಿ ಪ್ರಜ್ಞೆ ತಪ್ಪಿದವರೊಬ್ಬರ ಸ್ಟ್ರೆಚರಿನ ಹಿಂದೆಯೇ ಓಡಿ ಬಂದ ಅವರ ಅಣ್ಣ ನನ್ನ ಬ್ಯಾಡ್ಜ್ ಓದಿ, "ಊರಿನವರಾ? ತಮ್ಮನಿಗೆ ಎಂತ ಆಯ್ತು ಡಾಕ್ಟ್ರೇ?" ಎಂದಾಗ, ಹೇಳಲು ನಾಚಿಕೆ, ನನಗೆ ಖುಷಿಯಾಯಿತು.

ಅಣ್ಣನದು ಅಲ್ ಮುಂತಜಾದಲ್ಲಿ ಅಂಗಡಿ. ಪ್ರತಿ ಸಂಜೆ ಬಂದವರೇ ಕೇಳುವುದು ಒಂದೇ: "ಗ್ಲೂಕೋಸ್ ಹಾಕಿದ್ರಾ?" ನಮ್ಮ ಕಡೆಯವರಿಗೆ ಬಾಟ್ಲಿ ತೂಗುತ್ತಿದ್ದರೇ ಚಿಕಿತ್ಸೆ. ಹಾಕಿದ್ದು ರಿಂಗರ್ ಲ್ಯಾಕ್ಟೇಟ್, ಬರೀ ಉಪ್ಪುನೀರಿಗಿಂತ ಅದು ರಕ್ತಕ್ಕೆ ಹತ್ತಿರದ್ದು ಎಂದು ವಿವರಿಸಿದೆ.

"ಅದೆಲ್ಲ ಇರ್ಲಿ, ಗ್ಲೂಕೋಸ್ ಯಾವಾಗ?"

ದಿನಾ ಜಗಳ. ಆ ಜಗಳಕ್ಕಾಗಿ ನಾನು ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ.

ಆಮೇಲೆ ತಮ್ಮನಿಗೆ ಮೂತ್ರ ಕಟ್ಟಿತು. ಮೈ ಊದಿತು, ಶ್ವಾಸಕೋಶಕ್ಕೂ ನೀರು ಇಳಿಯಿತು. ಸೋಂಕಿನಿಂದ ಕುಸಿದಿದ್ದ ಬಿಪಿ ಮಾತ್ರ ಏರಲಿಲ್ಲ. ಇನ್ನೊಂದು ಬಾಟ್ಲಿ ಕೊಡುವುದೋ ಬೇಡವೋ? ಇದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ: ಮಂಚದ ತಲೆಭಾಗ ತಗ್ಗಿಸಿ ಕಾಲು ಎತ್ತುವುದು. ಕಾಲಿನ ರಕ್ತ ಎದೆಗೆ ಬರುತ್ತದೆ. ಅದರಿಂದ ಹೃದಯ ಚುರುಕಾದರೆ ಬಾಟ್ಲಿ ಕೊಡಬಹುದು. ಇವರದು ಚುರುಕಾಗಲಿಲ್ಲ. ಬಿಪಿ ಏರಿಸುವ ಔಷಧವನ್ನು ಸಣ್ಣ ಪಂಪಿನಲ್ಲಿ ಬಿಟ್ಟು, ಬಾಟ್ಲಿ ತೆಗೆಸಿದೆ. ಸರಿಯಾದದ್ದನ್ನೇ ಮಾಡಿದ್ದೆ, ಆದರೂ ಹೆದರಿಕೆಯಾಯಿತು.

ಸಂಜೆ ಬಂದ ಅಣ್ಣ ಖಾಲಿ ಸ್ಟ್ಯಾಂಡು ನೋಡಿ ಬಾಗಿಲಲ್ಲೇ ನಿಂತರು.

"ಬಾಟ್ಲಿ ತೆಗೆದ್ರಾ? ಖಲಾಸಾ ಡಾಕ್ಟ್ರೇ?"

"ಇಲ್ಲ ಮಾರಾಯ್ರೇ. ಇನ್ನು ನೀರು ಕೊಟ್ರೆ ಉಸಿರು ಕಟ್ತದೆ."

ಅವರು ಜಗಳವಾಡಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ. ತಮ್ಮನ ಊದಿದ ಪಾದ ಹಿಡಿದು ಕೂತರು. ಮರುದಿನವೂ ಹಾಗೆಯೇ ಕೂತರು.

ಅದರ ಮಾರನೆಯ ಬೆಳಿಗ್ಗೆ ಮೂತ್ರದ ಚೀಲದಲ್ಲಿ ಹನಿ ಕಂಡಿತು. ಮೆಲ್ಲಗೆ ಊತ ಇಳಿಯಿತು, ತಮ್ಮ ಕಣ್ಣು ಬಿಟ್ಟರು. ವಾರ್ಡಿಗೆ ಕಳಿಸುವ ದಿನ ಅಣ್ಣ ನನ್ನ ಹತ್ತಿರ ಬಂದು, "ಇನ್ನಾದ್ರೂ ಒಂದು ಗ್ಲೂಕೋಸ್ ಹಾಕ್ಲಿಕ್ಕೆ ಹೇಳಿ ಅಲ್ಲಿಯವರಿಗೆ" ಎಂದರು. ಇಬ್ಬರೂ ನಕ್ಕೆವು.

"ನಿಮ್ಗೆ ಇಲ್ಲಿ ಯಾರುಂಟು ಡಾಕ್ಟ್ರೇ?"

"ಇದ್ದಾರೆ" ಎಂದೆ.

ಮರುದಿನ ಆ ಮಂಚಕ್ಕೆ ಬೇರೆಯವರು ಬಂದರು. ಸಂಜೆ ಭೇಟಿಯ ಹೊತ್ತಿಗೆ ನಾನು ಕೈ ತೊಳೆದು, ಕೂದಲು ಸರಿಮಾಡಿಕೊಂಡು, ಬಾಗಿಲ ಕಡೆ ನೋಡುತ್ತ ನಿಂತಿದ್ದೆ. ಗ್ಲೂಕೋಸ್ ಕೇಳುವವರು ಯಾರೂ ಬರಲಿಲ್ಲ.